ನೊಣದ ಕಾಲಿನಲ್ಲಿ ಮೂಡಿದ ಕಣ್ಣು

ನೊಣಕ್ಕೂ ಕಣ್ಣಿದೆ, ಇಲಿಗೂ ಕಣ್ಣಿದೆ. ಇವು ಬಂದದ್ದು ಹೇಗೆ? ಭ್ರೂಣಶಾಸ್ತ್ರಜ್ಞನ ಉತ್ತರ ಫಲಿತ ಅಂಡದಿಂದ ಆರಂಭವಾಗುತ್ತದೆ. ವಿಕಾಸವಾದಿಯದು ಕೋಟ್ಯಂತರ ವರ್ಷಗಳ ಹಿಂದಿನಿಂದ.

1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಈ ಎರಡನ್ನೂ ಬೆಸೆಯಲು ಹೊರಟ. ಭ್ರೂಣವು ಬೆಳೆಯುವಾಗ ತನ್ನ ಪೂರ್ವಜರ ಹಂತಗಳನ್ನು ಪುನರಾವರ್ತಿಸುತ್ತದೆ ಎಂಬ ಅವನ ನಿಯಮ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಮುಂದೆ ಎರಡೂ ಶಾಸ್ತ್ರಗಳು ಬಹುಮಟ್ಟಿಗೆ ಬೇರೆ ದಾರಿ ಹಿಡಿದವು. 1961ರಲ್ಲಿ ಅರ್ನ್ಸ್ಟ್ ಮೇಯರ್ 'ಹೇಗೆ' ಮತ್ತು 'ಏಕೆ' ಎಂಬ ಪ್ರಶ್ನೆಗಳನ್ನೇ ಬೇರ್ಪಡಿಸಿದ. 1977ರಲ್ಲಿ ಇನ್ನೊಬ್ಬ ವಿಜ್ಞಾನಿಯೊಡನೆ ಬರೆಯುತ್ತ, ಕಣ್ಣು ಕನಿಷ್ಠ 40 ಸಲ ಸ್ವತಂತ್ರವಾಗಿ ವಿಕಾಸಗೊಂಡಿದೆ ಎಂದ.

1995ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗನ ತಂಡ, ಇಲಿಯ ಕಣ್ಣಿನ ಬೆಳವಣಿಗೆಗೆ ಅಗತ್ಯವಾದ ಜೀನೊಂದನ್ನು ಹಣ್ಣುನೊಣದ ಮರಿಹುಳುವಿನಲ್ಲಿ, ಮುಂದೆ ಕಾಲಾಗಬೇಕಾದ ಭಾಗದಲ್ಲಿ, ಚುರುಕುಗೊಳಿಸಿತು. ಅಲ್ಲಿ ಕಣ್ಣು ಮೂಡಿತು. ಇಲಿಯ ಕಣ್ಣಲ್ಲ, ನೊಣದ್ದೇ ಸಂಯುಕ್ತ ಕಣ್ಣು!

ಇದರರ್ಥವೇನು? ಕಣ್ಣುಗಳ ರಚನೆ ಬೇರೆಯಾದರೂ ಅವನ್ನು ಚಾಲೂ ಮಾಡುವ ಗುಂಡಿ ಒಂದೇ. 50 ಕೋಟಿ ವರ್ಷಗಳಿಗೂ ಹಿಂದಿನ ಸಮಾನ ಪೂರ್ವಜನಿಂದ ಬಂದ ಆಸ್ತಿ ಅದು. ಭ್ರೂಣ ಪೂರ್ವಜರ ರೂಪವನ್ನು ಪುನರಾವರ್ತಿಸುವುದಿಲ್ಲ, ಅವರ ಉಪಕರಣಗಳನ್ನು ಬಳಸುತ್ತದೆ. ಆ ಗುಂಡಿ ಏಕೆ ಉಳಿಯಿತೆಂಬುದನ್ನು ವಿಕಾಸವಾದವೇ ಹೇಳಬೇಕು. ಆದರೆ ವಿಕಾಸ ಯಾವ ಸಾಮಗ್ರಿಯಿಂದ ಕಟ್ಟಿತೆಂದು ತಿಳಿಯಲು ಭ್ರೂಣವನ್ನೇ ಕೇಳಬೇಕು.