ಕನ್‌ಫ್ಯೂಷಿಯಸ್ ಮನೆತನದ ಸ್ಮಶಾನ ನೋಡಿ ಬಂದೆ



ಚೀನಾಕ್ಕ ಹೋಗಿ ಬಂದಾಗಿಂದ ಓಣಿಯೊಳಗ ಎಲ್ಲಾರೂ ಕೇಳೋದು ಒಂದ ಮಾತು: "ಆ ದೊಡ್ಡ ಗ್ವಾಡಿ ನೋಡಿದ್ರೇನು?" ಇಲ್ರೀ, ಗ್ವಾಡಿ ನೋಡೋದು ಆಗಲಿಲ್ಲ, ಒಂದು ಮನೆತನದ ಸ್ಮಶಾನ ನೋಡಿ ಬಂದೆ ಅಂದ್ರ ಮಾರಿ ಕಿವಚತಾರ. "ಅಷ್ಟು ದೂರ ಹೋಗಿ ಸುಡಗಾಡು ನೋಡಬೇಕೇನ ಬೇ?" ಅಂತ ನಮ್ಮ ದೊಡ್ಡವ್ವ ಅಂತೂ ಬಾಯಿ ಬಿಟ್ಟ ಬೈದ್ಲು. ಅದಕ್ಕ ಇವತ್ತ ಎಲ್ಲಾರಿಗೂ ಒಮ್ಮೆಗೇ ಹೇಳಿಬಿಡ್ತೀನಿ, ಅಲ್ಲಿ ಏನೈತಿ, ನಾವು ಹೆಣ್ಣಮಕ್ಕಳು ಅದನ್ನ ಯಾಕ ತಿಳಕೋಬೇಕು ಅಂತ.

ಮಗಳು ಅಳಿಯ ಕೆಲಸಕ್ಕಂತ ಶಾಂಘೈದಾಗ ಇದ್ರು. 2019ರ ಏಪ್ರಿಲ್‌ದಾಗ ನಾನೂ ನಮ್ಮ ಮನಿಯವರೂ ಒಂದು ತಿಂಗಳು ಅಲ್ಲಿಗೆ ಹೋಗಿದ್ವಿ. ಅಲ್ಲಿಂದ ವೇಗದ ರೈಲಿನಾಗ ಮೂರು ತಾಸಿನ ಮ್ಯಾಲೆ ಉತ್ತರಕ್ಕ ಹೋದ್ರ ಶಾಂಡಾಂಗ್ ಪ್ರಾಂತ್ಯದಾಗ ಚೂಫು ಅಂತ ಊರು. ಕನ್‌ಫ್ಯೂಷಿಯಸ್ ಹುಟ್ಟಿ, ಸತ್ತ ಊರು. ನಾವು ಪಿಯುಸಿಯೊಳಗ ಇತಿಹಾಸ ಓದೂಮುಂದ ಒಂದು ಸಾಲಿನಾಗ ಬಂದು ಹೋಗಿದ್ದ ಹೆಸರದು. ಕ್ರಿ.ಪೂ. 551ರಾಗ ಹುಟ್ಟಿ 479ರಾಗ ತೀರಿಕೊಂಡವ. ನಮ್ಮ ಬುದ್ಧನ ಕಾಲದ ಆಸುಪಾಸು ಅನ್ರಿ. ತಂದಿ ತಾಯಿಗೆ ಹೆಂಗ ನಡಕೋಬೇಕು, ಸತ್ತ ಹಿರೇರಿಗೆ ಏನು ಮಾಡಬೇಕು, ಇದನ್ನ ಚೀನಾದ ಮಂದಿಗೆ ಕಲಿಸಿದ ಗುರು ಅವ. ಅವನ ಮನೆತನದ ಹೆಸರು ಕೊಂಗ್. ಚೀನಾದಾಗ ಮನೆತನದ ಹೆಸರು ಮೊದಲು, ಸ್ವಂತದ ಹೆಸರು ಆಮ್ಯಾಲೆ.

ಆ ಮನೆತನದ ಸ್ಮಶಾನಕ್ಕ ಕೊಂಗ್ ಲಿನ್ ಅಂತಾರ. ಲಿನ್ ಅಂದ್ರ ಕಾಡು. ಕಾಡ ಸೈ ಅದು. ಸುಮಾರು 200 ಹೆಕ್ಟೇರ್, ನಮ್ಮ ಲೆಕ್ಕದಾಗ 500 ಎಕರೆ. ಸುತ್ತಲೂ ಏಳು ಕಿಲೋಮೀಟರಕ್ಕಿಂತ ಹೆಚ್ಚು ಉದ್ದದ ಗ್ವಾಡಿ. ಒಳಗ ಒಂದ ಮನೆತನದ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮಲಗ್ಯಾರ, ಎರಡೂವರಿ ಸಾವಿರ ವರ್ಷದಿಂದ. 1994ರಾಗ ಯುನೆಸ್ಕೋದವ್ರು ಅಲ್ಲಿಯ ಗುಡಿ, ವಾಡೇ, ಸ್ಮಶಾನ ಮೂರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ರು.

ಊರಿಂದ ಸ್ಮಶಾನಕ್ಕ ನೆಟ್ಟಗ ಒಂದು ರಸ್ತೆ, ಎರಡೂ ಬಾಜು ಹಳೇ ಸೈಪ್ರಸ್ ಗಿಡ. ನಡುವ 1594ರಾಗ ಕಟ್ಟಿದ ಕಲ್ಲಿನ ಕಮಾನು. ಒಳಗ ಹೋದ್ರ ಬ್ಯಾಟರಿ ಗಾಡಿ ಅದಾವ, ನನ್ನ ಮೊಣಕಾಲಿಗೆ ಅದೇ ಅನುಕೂಲ ಆತು. ನಾವು ಹೋದಾಗ ಚಿಂಗ್‌ಮಿಂಗ್ ಹಬ್ಬ ಮುಗಿದು ನಾಕೈದು ದಿನ ಆಗಿತ್ತು. ಪ್ರತಿ ವರ್ಷ ಏಪ್ರಿಲ್ 4 ಇಲ್ಲಾ 5ಕ್ಕ ಬರೋ ಹಬ್ಬ. ಅವತ್ತ ಮನಿ ಮಂದಿ ಎಲ್ಲಾ ಹೋಗಿ ಹಿರೇರ ಗೋರಿ ಕಸ ಹೊಡದು, ಹುಲ್ಲು ಕಿತ್ತು, ಎಡಿ ಇಟ್ಟು ಬರ್ತಾರ. ನಮ್ಮಲ್ಲಿ ಹಿರೇರ ಹಬ್ಬಕ್ಕ ಎಡಿ ಮಾಡೂದಿಲ್ಲೇನು, ಹಂಗ. ನಮ್ಮೊಳಗೂ ಹೂಳೋ ಪದ್ಧತಿ, ಹೊಲದಾಗ ಹಿರೇರ ಗದ್ದಿಗಿ ನೋಡಕೋತನ ಬೆಳದಾಕಿ ನಾನು. ಹಂಗಾಗಿ ಗಿಡದ ಬುಡಕ್ಕೆಲ್ಲಾ ಮಣ್ಣಿನ ದಿಬ್ಬ, ದಿಬ್ಬದ ಮುಂದೊಂದು ಕಲ್ಲು ನೋಡಿದ್ರ ಅಂಜಿಕಿ ಅನಸಲಿಲ್ಲ.

ನಡುವ ಕನ್‌ಫ್ಯೂಷಿಯಸ್‌ನ ಗೋರಿ. ಚಕ್ರವರ್ತಿಗಳು ಬಂದು ತಲಿ ಬಾಗಿದ ಜಾಗ ಅಂದ್ರ ಬಂಗಾರ, ಬಣ್ಣ ಇರತೈತಿ ಅನಕೊಂಡಿದ್ದೆ. ಏನೂ ಇಲ್ಲ, ಹುಲ್ಲು ಬೆಳದ ಮಣ್ಣಿನ ಗುಡ್ಡಿ. ಮುಂದ 1443ರಾಗ ನಿಲ್ಲಿಸಿದ ಶಾಸನದ ಕಲ್ಲು. ಮೂಡಲಕ್ಕ ಮಗ ಕೊಂಗ್ ಲಿ ಗೋರಿ, ತೆಂಕಲಕ್ಕ ಮೊಮ್ಮಗ ಕೊಂಗ್ ಜಿ ಗೋರಿ. ಈ ಮಗ ಹುಟ್ಟಿದಾಗ ಆ ರಾಜ್ಯದ ದೊರಿ ಒಂದು ಮೀನ ಉಡುಗೊರೆ ಕಳಿಸಿದ್ನಂತ, ಅದಕ್ಕ ಲಿ, ಅಂದ್ರ ಮೀನು, ಅಂತ ಹೆಸರಿಟ್ರು. ಅಪ್ಪ ಇರೂತನಕಾನ ಮಗ ತೀರಿಕೊಂಡ. ಮೂರೂ ಗೋರಿ ಇರೋ ರೀತಿಗೆ ಚೀನೀ ಮಂದಿ ಒಂದು ಹೆಸರು ಇಟ್ಟಾರ: ಮಗನ ಕೈ ಹಿಡಕೊಂಡು, ಮೊಮ್ಮಗನ್ನ ಎತ್ತಿಕೊಂಡ ಹಂಗ ಅಂತ. ಮಗಳು ಇದನ್ನ ಕನ್ನಡದಾಗ ಹೇಳಿದ್ದ ತಡ, ನನಗ ಆ ಗುರುವಿನ ಮ್ಯಾಲೆ ಒಂದು ನಮೂನಿ ಮನಿ ಮುದುಕನ ಮ್ಯಾಲೆ ಬರೋವಂಥ ಪ್ರೀತಿ ಬಂತು.

ಗೋರಿಯ ಪಡುವಲಕ್ಕ ಒಂದು ಸಣ್ಣ ಮನಿ ಕಟ್ಟ್ಯಾರ. ಗುರು ತೀರಿದ ಮ್ಯಾಲೆ ಶಿಷ್ಯರೆಲ್ಲಾ ಮೂರು ವರ್ಷ ಸೂತಕ ಹಿಡದು ಗೋರಿ ಬಾಜೂಕ ಇದ್ರಂತ. ಆಮ್ಯಾಲೆ ಅತ್ತು ಕರದು ತಮ್ಮ ತಮ್ಮ ಊರಿಗೆ ಹ್ವಾದ್ರು. ಜಿಗೊಂಗ್ ಅನ್ನೋ ಶಿಷ್ಯ ಮಾತ್ರ ಇನ್ನೂ ಮೂರು ವರ್ಷ, ಒಟ್ಟು ಆರು ವರ್ಷ ಗುಡಿಸಲು ಹಾಕ್ಕೊಂಡು ಅಲ್ಲೇ ಉಳದ. ಅವ ಇದ್ದ ಜಾಗದ ಗುರುತು ಆ ಮನಿ. ಆ ಶಿಷ್ಯರು ತಮ್ಮ ತಮ್ಮ ಸೀಮಿಯಿಂದ ತಂದು ಹಚ್ಚಿದ ಗಿಡದಿಂದ ಈ ಕಾಡು ಶುರು ಆತು ಅಂತ ಹೇಳ್ತಾರ.

ಈಗ ಹೆಣ್ಣಮಕ್ಕಳ ಮಾತಿಗೆ ಬರೂಣು.

ಕನ್‌ಫ್ಯೂಷಿಯಸ್‌ಗೆ ಮೂರು ವರ್ಷ ಇದ್ದಾಗ ಅಪ್ಪ ತೀರಿದ. ಬಡತನದಾಗ ಸಾಕಿದಾಕಿ ತಾಯಿ, ಯಾನ್ ಝೆಂಗ್‌ಝಾಯ್. ತಾಯಿನೂ ಹೋದ್ಲು. ಆಕಿನ್ನ ಅಪ್ಪನ ಬಾಜೂಕ ಹೂಳಬೇಕು ಅಂದ್ರ ಅಪ್ಪನ ಗೋರಿ ಎಲ್ಲೈತಿ ಅಂತ ಮಗನಿಗೆ ಗೊತ್ತಿಲ್ಲ. ಹಳೇ ಗ್ರಂಥದಾಗ ಹೇಳ್ಯಾರ, ಊರಿನ ಒಬ್ಬ ಹೆಣ್ಣಮಗಳು, ಮಾನ್‌ಫು ಅನ್ನೋನ ತಾಯಿ, ಆಕಿ ಆ ಜಾಗ ತೋರಿಸಿದ್ಲಂತ. ಹಂಗಾಗಿ ಚೂಫು ಊರಿನ ಮೂಡಲ ದಿಕ್ಕಿನ ಗುಡ್ಡದ ಕಡೆ ಇಬ್ಬರನ್ನೂ ಒಂದ ಕಡೆ ಮಾಡಿದ. ಹಿಂದಿನವ್ರು ಗೋರಿ ಮ್ಯಾಲೆ ದಿಬ್ಬ ಹಾಕತಿರಲಿಲ್ಲ. ತಾನು ಊರೂರು ತಿರಗಾಂವ, ಗುರುತು ಇರಲಿ ಅಂತ ಇಂವ ದಿಬ್ಬ ಹಾಕಿಸಿದ. ಸತ್ತವರನ್ನ ಹೆಂಗ ನೆನೀಬೇಕು ಅಂತ ಜಗತ್ತಿಗೆ ಹೇಳಿದ ಗುರುವಿಗೆ ತನ್ನಪ್ಪನ ಗೋರಿ ತೋರಿಸಿದಾಕಿ ಒಬ್ಬ ನೆರಿಮನಿ ಹೆಣ್ಣಮಗಳು. ಆಕಿ ಸ್ವಂತ ಹೆಸರು ಮಾತ್ರ ಆ ಗ್ರಂಥದಾಗ ಇಲ್ಲ. ಮಗನ ಹೆಸರಿಂದ ಅಷ್ಟ ಗುರುತು.

ಅವನ ಹೆಂಡತಿಗೂ ಹಂಗ. ಊರಿನ ದೊಡ್ಡ ಗುಡಿಯೊಳಗ ಆಕಿಗೆ ಬ್ಯಾರೆ ಒಂದು ದೊಡ್ಡ ಮಂಟಪ ಐತಿ, ಆದ್ರ ಆಕಿನ್ನ ಕರಿಯೋದು ತವರಮನಿ ಹೆಸರಿಂದ, ಚಿಗ್ವಾನ್ ಮನೆತನದಾಕಿ ಅಂತ. ಒಬ್ಬ ಮಗಳೂ ಇದ್ಲು. ಗೊಂಗ್‌ಯೆ ಚಾಂಗ್ ಅನ್ನೋ ಶಿಷ್ಯ ಜೇಲಿಗೆ ಹೋಗಿ ಬಂದಿದ್ರೂ, ತಪ್ಪು ಅವಂದಲ್ಲ ಅಂತ ಅವನಿಗೇ ಮಗಳನ್ನ ಕೊಟ್ಟ. ಅಳಿಯನ ಹೆಸರು ಬರದಾರ, ಮಗಳ ಹೆಸರು ಬರದಿಲ್ಲ.

ಕೊಂಗ್ ಲಿನ್‌ದಾಗ ಸೊಸಿಯಂದ್ರಿಗೆ ಗಂಡನ ಬಾಜೂಕ ಜಾಗ ಐತಿ. ಮನಿ ಮಗಳಿಗೆ ಇಲ್ಲ. ಮದುವಿ ಮಾಡಿ ಕೊಟ್ಟ ಮ್ಯಾಲೆ ಆಕಿ ಗಂಡನ ಮನೆತನದ ಮಣ್ಣಿಗೆ ಸೇರಿದಾಕಿ. ಸೊಸಿಯಂದ್ರೊಳಗ ಒಬ್ಬಾಕಿಗೆ ಒಂದು ಕಮಾನ ಕಟ್ಟಿಸ್ಯಾರ. 72ನೇ ತಲೆಮಾರಿನ ಕೊಂಗ್ ಶಿಯಾನ್‌ಪೈನ ಹೆಂಡತಿ, ಯೂ ಮನೆತನದಾಕಿ. ಆಕಿ ಚಿಯಾನ್‌ಲಾಂಗ್ ಚಕ್ರವರ್ತಿಯ ಮಗಳ ಸೈ, ಚಕ್ರವರ್ತಿ ಮಂಚು ಕುಲದಾಂವ, ಚೀನೀ ಮನೆತನಕ್ಕ ನೇರ ಕೊಡಂಗಿಲ್ಲ ಅಂತ ಮಂತ್ರಿಗೆ ದತ್ತಕ ಕೊಟ್ಟು ಮದುವಿ ಮಾಡಿದ್ರು ಅಂತ ಮಂದಿ ಕಥಿ ಹೇಳ್ತಾರ. ಇತಿಹಾಸಕಾರರು ಅದನ್ನ ಒಪ್ಪೂದಿಲ್ಲ. ಕಮಾನು ಮಾತ್ರ ಖರೆ, ನನ್ನ ಕಣ್ಣಿಂದ ನೋಡಿ ಬಂದೆ.

ಅಲ್ಲಿಯ ವಾಡೇದಾಗ ನಡದ ಒಂದು ಮಾತು ಕೇಳ್ರಿ. ಇದು ಭಾಳ ಹಿಂದಿಂದಲ್ಲ, ನಮ್ಮ ಅಜ್ಜಿಯರ ಕಾಲದ್ದು. ಈ ಮನೆತನದ ಹಿರೇ ಮಗನಿಗೆ ಚಕ್ರವರ್ತಿಗಳು ಒಂದು ಪದವಿ ಕೊಟ್ಟಿದ್ರು, ಅಪ್ಪನಿಂದ ಮಗನಿಗೆ ಬರೋದು. 76ನೇ ತಲೆಮಾರಿನ ಕೊಂಗ್ ಲಿಂಗ್‌ಯಿ 1919ರಾಗ ತೀರಿಕೊಂಡಾಗ ಗಂಡಸ ಮಗ ಇರಲಿಲ್ಲ. ಚಿಕ್ಕ ಹೆಂಡತಿ, ಮೊದಲು ಮನಿಗೆಲಸದಾಕಿ ಆಗಿದ್ದ ವಾಂಗ್, ಬಸರಿ ಇದ್ಲು. 1920ರಾಗ ಆಕಿ ಹೆರಿಗಿ ಹೊತ್ತಿಗೆ ಕೂಸು ಬದಲಿ ಮಾಡಬಾರದು ಅಂತ ವಾಡೇದ ಸುತ್ತ ಸಿಪಾಯಿಗಳನ್ನ ನಿಲ್ಲಿಸಿದ್ರು. ಹುಟ್ಟಿದ್ದು ಗಂಡು, ಕೊಂಗ್ ಡೆಚೆಂಗ್. ಊರೆಲ್ಲಾ ಸಂಭ್ರಮ. 17 ದಿನಕ್ಕ ಬಾಣಂತಿ ಸತ್ಲು. ಹಿರೇ ಹೆಂಡತಿ ವಿಷ ಹಾಕಿಸಿದ್ಲು ಅನ್ನೋ ಮಾತು ವಾಡೇದೊಳಗ ಉಳೀತು. ಇದನ್ನೆಲ್ಲಾ ಬರದಾಕಿ ಆ ವಾಂಗ್‌ಳ ಮಗಳು, 1917ರಾಗ ಹುಟ್ಟಿದ ಕೊಂಗ್ ಡೆಮಾವ್. ವಾಡೇದೊಳಗಿನ ಜೀವನದ ಬಗ್ಗೆ ಆಕಿ ಒಂದು ಪುಸ್ತಕಾನ ಮಾಡ್ಯಾಳ. ತಾಯಿ ಏನಾದ್ಲು ಅನ್ನೋದನ್ನ ಜಗತ್ತಿಗೆ ಮುಟ್ಟಿಸಿದಾಕಿ ಪದವಿ ಪಡದ ಮಗ ಅಲ್ಲ, ಕೊಟ್ಟ ಮನಿಗೆ ಹೋದ ಮಗಳು. ಅಕ್ಕ ತಮ್ಮ 1940ರ ದಶಕದಾಗ ಅಗಲಿದವ್ರು, ಆಕಿ ಬೀಜಿಂಗ್‌ದಾಗ, ಅಂವ ತೈವಾನ್‌ದಾಗ. ಮತ್ತ ಮಾರಿ ನೋಡಿದ್ದು 1990ರಾಗ, ಅದೂ ಜಪಾನ್ ದೇಶದಾಗ. ಆಕಿ 2021ರಾಗ ತೀರಿಕೊಂಡ್ಲು, ನೂರು ದಾಟಿ.

ಇಂಥಾ ಸ್ಮಶಾನಕ್ಕೂ ಒಂದು ಕೆಟ್ಟ ಕಾಲ ಬಂತು. 1966ರ ನವೆಂಬರ್‌ದಾಗ, ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯೊಳಗ, ಹಳೇದನ್ನೆಲ್ಲಾ ನಾಶ ಮಾಡಬೇಕು ಅಂತ ಬೀಜಿಂಗ್‌ನಿಂದ ಕಾಲೇಜು ಹುಡುಗರ ದಂಡ ಬಂತು. ಮುಂದಾಳು ಟಾನ್ ಹೌಲಾನ್ ಅನ್ನೋ ಹುಡುಗಿ, ನಮ್ಮಂಗ ಒಬ್ಬ ಹೆಣ್ಣಮಗಳು. ಕನ್‌ಫ್ಯೂಷಿಯಸ್‌ನ ಗೋರಿ ಅಗದು ನೆಲಸಮ ಮಾಡಿದ್ರು. ಒಳಗ ಏನೂ ಸಿಗಲಿಲ್ಲ. ಮುಂದಿನ ಶಾಸನದ ಕಲ್ಲು ಒಡದ್ರು. ಎರಡು ಸಾವಿರದಷ್ಟು ಗೋರಿ ಹಾಳು ಮಾಡಿದ್ರು. ಆ 76ನೇ ತಲೆಮಾರಿನ ಕೊಂಗ್ ಲಿಂಗ್‌ಯಿಯ ಹೆಣ ಹೊರಗ ತಗದು ಗಿಡಕ್ಕ ತೂಗು ಹಾಕಿದ್ರು. ಡೆಮಾವ್ ಆಗ ಜೀವಂತ ಇದ್ಲು. ಅಪ್ಪನ ಸುದ್ದಿ ಕೇಳಿ ಆ ಮಗಳ ಹೊಟ್ಟಿ ಎಷ್ಟು ಉರದಿರಬೇಕು, ನೀವ ಹೇಳ್ರಿ.

ಈಗ ಎಲ್ಲಾ ಸರಿ ಮಾಡ್ಯಾರ, ದಿಬ್ಬ ಮತ್ತ ಎತ್ತರಿಸ್ಯಾರ. ಆದ್ರ ಕನ್‌ಫ್ಯೂಷಿಯಸ್‌ನ ಕಲ್ಲು ಹತ್ತಿರ ಹೋಗಿ ನೋಡ್ರಿ, ಚೂರು ಚೂರು ಜೋಡಿಸಿದ ಬಿರುಕಿನ ಗೆರಿ ಕಾಣತಾವ. ಒಡದ ಹಂಡೇಕ ಬೆಸುಗಿ ಹಾಕಿಸಿದ್ರ ಗುರುತು ಉಳೀತಾವಲ್ಲ, ಹಂಗ.

ಇನ್ನೊಂದು ಹೇಳಬೇಕು. ಈ ಮನೆತನಕ್ಕ ಒಂದು ವಂಶಾವಳಿ ಪುಸ್ತಕ ಐತಿ, ಜಗತ್ತಿನಾಗ ಇದಕ್ಕಿಂತ ಉದ್ದದ ವಂಶಾವಳಿ ಇಲ್ಲ ಅಂತ ಗಿನ್ನೆಸ್ ದಾಖಲಿ ಸೈತ ಐತಿ. ತಲೆಮಾರಿಗೊಂದು ಅಕ್ಷರ ಗೊತ್ತು ಮಾಡಿಟ್ಟಾರ, ಆ ತಲೆಮಾರಿನವ್ರ ಹೆಸರಿನಾಗ ಅದು ಬರತೈತಿ. ಡೆಚೆಂಗ್, ಡೆಮಾವ್ ಎರಡರಾಗೂ ಡೆ ಐತಿ ನೋಡ್ರಿ, ಅದು 77ನೇ ತಲೆಮಾರಿನ ಗುರುತು. ಅಕ್ಷರ ಮಗಳಿಗೂ ಕೊಟ್ರು, ಪುಸ್ತಕದಾಗ ಜಾಗ ಮಾತ್ರ ಕೊಡಲಿಲ್ಲ. 1937ರ ಮುದ್ರಣದಾಗ ಐದು ಲಕ್ಷಕ್ಕಿಂತ ಹೆಚ್ಚು ಹೆಸರು, ಗಂಡಸರ ಲೆಕ್ಕ. 2009ರಾಗ ಹೊಸಾದು ಬಂತು: 80 ಸಂಪುಟ, 20 ಲಕ್ಷಕ್ಕೂ ಹೆಚ್ಚು ಹೆಸರು. ಅದರಾಗ ಮೊದಲ ಸಲ ಹೆಣ್ಣಮಕ್ಕಳ ಹೆಸರು ಬರದ್ರು. ಕನ್‌ಫ್ಯೂಷಿಯಸ್ ಹೋಗಿ ಎರಡು ಸಾವಿರದ ನಾಕನೂರ ವರ್ಷದ ಮ್ಯಾಲೆ ಆದ ಮ್ಯಾಲೆ ಅವನ ಮನಿ ಮಗಳು ಪುಸ್ತಕದ ಒಳಗ ಬಂದ್ಲು. ಗೋರಿಯ ಕಲ್ಲಿಗಿಂತ ಈ ಸುದ್ದಿ ನನಗ ಹೆಚ್ಚು ಹಿಡಸ್ತು.

ನಮ್ಮ ತವರಮನಿಗೆ ಹೆಳವ ಬರತಿದ್ದ, ನಿಮಗೂ ನೆನಪಿರಬೇಕು. ಎತ್ತಿನ ಮ್ಯಾಲೆ ಬಂದು ಕಟ್ಟಿ ಮ್ಯಾಲೆ ಕುಂತು ಹೊತ್ತಿಗಿ ಬಿಚ್ಚಿ, ಮುತ್ತಜ್ಜನ ಅಪ್ಪನಿಂದ ಹಿಡದು ಓದತಿದ್ದ. ನಮ್ಮ ಅಣ್ಣತಮ್ಮಂದಿರ ಹೆಸರು ಬರತಿತ್ತು, ನಾವು ಐದು ಮಂದಿ ಅಕ್ಕತಂಗೇರು ಬಾಗಲ ಹಿಂದ ನಿಂತು ಕೇಳತಿದ್ವಿ, ನಮ್ಮ ಹೆಸರು ಬರತಿರಲಿಲ್ಲ. ಈಗ ಅವನ ಮಗ ಬರ್ತಾನ, ಮೋಟಾರ್ ಸೈಕಲ್ ಮ್ಯಾಲೆ. ನಮ್ಮ ತಮ್ಮಗ ಫೋನ್ ಮಾಡಿ ಹೇಳೀನಿ, ಈ ಸಲ ಸುಗ್ಗಿಗೆ ಅಂವ ಬಂದಾಗ ನಮ್ಮ ಐವರ ಹೆಸರೂ, ನಮ್ಮವ್ವನ ಹೆಸರೂ, ಯಾರ ಯಾರಿಗೆ ನೆನಪೈತೋ ಆ ಅಜ್ಜಿ, ಮುತ್ತಜ್ಜಿಯರ ಹೆಸರೂ ಬರಸು ಅಂತ. ಹೆಚ್ಚಿಗಿ ಜೋಳ ಕೇಳಿದ್ರ ಕೊಡು, ನನ್ನ ಲೆಕ್ಕಕ್ಕ ಹಚ್ಚು ಅಂದೀನಿ. ನಿಮ್ಮ ನಿಮ್ಮ ಮುತ್ತಜ್ಜಿಯರ ಹೆಸರೂ ಇವತ್ತ ಮನಿಯೊಳಗಿನ ಹಿರೇರಿಗೆ ಕೇಳಿ ಬರದಿಡ್ರಿ. ಅವರು ಹ್ವಾದ ಮ್ಯಾಲೆ ಹೇಳೋವ್ರು ಯಾರೂ ಇರೂದಿಲ್ಲ.