ಕೆಂಗೇರಿಯಲ್ಲಿ ಬ್ರೇಕ್ ಕೆಲಸ

ಅಂಬಾಸಿಡರ್ ಕಾಲದಲ್ಲಿ ಕೆಂಗೇರಿಯ ನಮ್ಮ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸವೆಂದರೆ ಲೈನಿಂಗ್ ಹೊಡೆಯುವುದು. ಸವೆದದ್ದನ್ನು ಕಿತ್ತು, ಹೊಸದನ್ನು ಶೂ ಮೇಲೆ ಕೂರಿಸಿ, ನಡುವಿನಿಂದ ಅಂಚಿನತ್ತ ರಿವೆಟ್ ಹಾಕುತ್ತಿದ್ದೆವು. ರಿವೆಟ್ಟಿನ ತಲೆ ಎದ್ದು ನಿಂತರೆ ಡ್ರಮ್ ಗೀರಿಹೋಗುತ್ತಿತ್ತು.

ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಬ್ರೇಕ್ ಲೈನಿಂಗ್ ತಯಾರಿಸುವ ಫೆರೋಡೊ ಕಂಪನಿ ಆರಂಭಿಸಿದ. 1908ರ ಹೊತ್ತಿಗೆ ಅವನ ಲೈನಿಂಗಿಗೆ ಕಲ್ನಾರು ಸೇರಿತು. ಶಾಖ ತಡೆಯುವ ಆ ನಾರಿನ ಧೂಳು ಎಷ್ಟೋ ಕೆಲಸಗಾರರ ಶ್ವಾಸಕೋಶವನ್ನೇ ತಿಂದಿತು. ಈ ಕಸುಬಿನ ಚರಿತ್ರೆ ಬರೆಯುವವರು ಅವರನ್ನು ಮರೆಯಬಾರದು.

ಮಾರುತಿ 800 ಹೆಚ್ಚಿದಂತೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು, ರಿವೆಟ್ ಕೆಲಸ ಕಡಿಮೆಯಾಯಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ನೋಡಿ ಬೆಳೆದ ಊರಿನ ಹುಡುಗರು ಈಗ ಚಿಕ್ಕ ಸುತ್ತಿನ ಓಟವಾದ ಆಟೋಕ್ರಾಸ್‌ಗೆಂದು ಡಿಸ್ಕಿಗೆ ರೇಸ್ ಪ್ಯಾಡ್ ಕೇಳುತ್ತಾರೆ. ನಾನು ಬೇಡವೆನ್ನುತ್ತೇನೆ. ರೇಸ್ ಪ್ಯಾಡ್ ಬಿಸಿಯಾದ ಮೇಲಷ್ಟೇ ಚೆನ್ನಾಗಿ ಹಿಡಿಯುತ್ತದೆ. ಆಟೋಕ್ರಾಸ್ ಸುತ್ತು ಅಷ್ಟರಲ್ಲಿ ಮುಗಿದಿರುತ್ತದೆ. ಅದೇ ಕಾರಿನಲ್ಲಿ ಬೆಳಗ್ಗೆ ಮೈಸೂರು ರಸ್ತೆಗಿಳಿದು ಮೊದಲ ಸಿಗ್ನಲ್ಲಿನಲ್ಲಿ ತುಳಿದಾಗ ತಣ್ಣಗಿನ ಪ್ಯಾಡೇ ಕಾರು ನಿಲ್ಲಿಸಬೇಕಲ್ಲ! ತಣ್ಣಗಿದ್ದಾಗಲೂ ಕಚ್ಚುವ ಒಳ್ಳೆಯ ರಸ್ತೆ ಪ್ಯಾಡ್ ಹಾಕಿಸಿ, ಬ್ರೇಕ್ ಆಯಿಲ್ ಹೊಸದಾಗಿ ತುಂಬಿಸಿ. ಮನೆಯವರನ್ನು ಕೂರಿಸಿಕೊಂಡು ಓಡುವ ಕಾರಿಗೆ ಅದೇ ಸರಿ.