‘ಡಿಎಲ್‌ಎಲ್ ಸಿಗುತ್ತಿಲ್ಲ’ ಎಂದು ಕಂಪ್ಯೂಟರ್ ಹೇಳಿದರೆ, ಆ ಫೈಲ್ ಡೌನ್‌ಲೋಡ್ ಮಾಡಿ ಹಾಕಿದರೆ ಸಾಕೇ?

ಹೇಳಿಕೆ: ಪ್ರೋಗ್ರಾಂ ಡೇಟಾಬೇಸ್‌ಗೆ ಸೇರಿಕೊಳ್ಳದೆ ‘ಡಿಎಲ್‌ಎಲ್ ಫೈಲ್ ಸಿಗುತ್ತಿಲ್ಲ’ ಎಂದರೆ, ಅದೇ ಹೆಸರಿನ ಫೈಲನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು ಸಿಸ್ಟಂ32 ಫೋಲ್ಡರ್‌ಗೆ ಹಾಕಿ. ಸಮಸ್ಯೆ ಮುಗಿಯಿತು.

ವಾಸ್ತವ: ಈ ಸಲಹೆ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು, ಕೆಲವೊಮ್ಮೆ ಅಪಾಯಕಾರಿ. ‘ಸಿಗುತ್ತಿಲ್ಲ’ ಎಂದರೆ ಫೈಲ್ ಇಲ್ಲವೇ ಇಲ್ಲ ಎಂದಲ್ಲ. ಅದು ಬೇರೆ ಜಾಗದಲ್ಲಿರಬಹುದು, ಬೇರೆ ಅಳತೆಯದ್ದಾಗಿರಬಹುದು ಅಥವಾ ಅದಕ್ಕೆ ಬೇಕಾದ ಇನ್ನೊಂದು ಫೈಲ್ ಇಲ್ಲದಿರಬಹುದು. ಕಾರಣ ತಿಳಿದ ಮೇಲೆ ಆ ಡೇಟಾಬೇಸ್ ತಯಾರಿಸಿದವರ ಅಧಿಕೃತ ಪ್ಯಾಕೇಜ್‌ನಿಂದಲೇ ಫೈಲ್ ಪಡೆಯಬೇಕು.

ಕಾಲೇಜು ಪ್ರಾಜೆಕ್ಟ್ ಗುಂಪುಗಳಲ್ಲಿ, ಅಂಗಡಿ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವವರ ಗುಂಪುಗಳಲ್ಲಿ ಇಂತಹ ಸಲಹೆ ಒಂದು ಲಿಂಕ್ ಸಮೇತ ಓಡಾಡುತ್ತಿರುತ್ತದೆ. ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆಯೂ ಕೆಲವೊಮ್ಮೆ ಜೊತೆಗಿರುತ್ತದೆ. ನಾಳೆ ಸಬ್‌ಮಿಷನ್ ಇರುವ ವಿದ್ಯಾರ್ಥಿಗೆ, ಕೌಂಟರ್ ಮುಂದೆ ಗ್ರಾಹಕರು ನಿಂತಿರುವ ಅಂಗಡಿಯವರಿಗೆ ಇದು ದೇವರು ಕೊಟ್ಟ ದಾರಿಯಂತೆ ಕಾಣುವುದು ಸಹಜ. ಅದಕ್ಕೇ ಈ ವಿಷಯವನ್ನು ನಾವು ಸ್ವಲ್ಪ ವಿವರವಾಗಿ ನೋಡೋಣ.

ಲೈಬ್ರರಿ ಎಂದರೆ ಏನು?

ನಾವು ಪ್ರೋಗ್ರಾಂ ಬರೆಯುವ ವಿಷುಯಲ್ ಸ್ಟುಡಿಯೋ, ಡೆಲ್ಫಿ, ಪೈಥಾನ್ ಮುಂತಾದ ಪರಿಕರಗಳದ್ದು ಒಂದು ಭಾಷೆ. ಮಾಹಿತಿ ಇಟ್ಟುಕೊಳ್ಳುವ ಮೈಎಸ್‌ಕ್ಯೂಎಲ್, ಒರಾಕಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಂತಹ ಡೇಟಾಬೇಸ್‌ಗಳದ್ದು ಇನ್ನೊಂದು ಭಾಷೆ. ಇವೆರಡರ ನಡುವೆ ಮಾತು ನಡೆಸಲು ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಕ್ಲೈಂಟ್ ಲೈಬ್ರರಿ.

ವಿಂಡೋಸ್‌ನಲ್ಲಿ ಇಂತಹ ಲೈಬ್ರರಿಗಳ ಹೆಸರು ಡಿಎಲ್‌ಎಲ್ ಎಂದು ಕೊನೆಗೊಳ್ಳುತ್ತದೆ. ಮೈಎಸ್‌ಕ್ಯೂಎಲ್‌ಗೆ ಲಿಬ್‌ಮೈಎಸ್‌ಕ್ಯೂಎಲ್, ಒರಾಕಲ್‌ಗೆ ಒಸಿಐ, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗೆ ಲಿಬ್‌ಪಿಕ್ಯೂ. ಲಿನಕ್ಸ್‌ನಲ್ಲಿ ಇದೇ ಬಗೆಯ ಫೈಲ್‌ಗಳ ಹೆಸರಿನಲ್ಲಿ ‘ಎಸ್‌ಒ’ ಎಂದಿರುತ್ತದೆ. ಒಂದು ಮುಖ್ಯ ಸಂಗತಿ ನೆನಪಿರಲಿ: ದುಭಾಷಿ ಡೇಟಾಬೇಸ್‌ನ ಮನೆಯಲ್ಲಿ ಮಾತ್ರ ಇದ್ದರೆ ಸಾಲದು. ನಿಮ್ಮ ಪ್ರೋಗ್ರಾಂ ಓಡುವ ಕಂಪ್ಯೂಟರ್‌ನಲ್ಲೂ ಇರಬೇಕು. ಸರ್ವರ್‌ನಲ್ಲಿ ಒರಾಕಲ್ ಇದೆ, ಕೌಂಟರ್‌ನ ಕಂಪ್ಯೂಟರ್‌ನಲ್ಲಿ ಕ್ಲೈಂಟ್ ಇಲ್ಲ ಎನ್ನುವುದೂ ಈ ದೋಷಕ್ಕೆ ಒಂದು ಸಾಮಾನ್ಯ ಕಾರಣ.

‘ಸಿಗುತ್ತಿಲ್ಲ’ ಎಂಬುದಕ್ಕೆ ನಾಲ್ಕು ಅರ್ಥ

1. ಹುಡುಕುವ ಜಾಗದಲ್ಲಿ ಇಲ್ಲ. ವಿಂಡೋಸ್ ಇಡೀ ಕಂಪ್ಯೂಟರ್ ಹುಡುಕುವುದಿಲ್ಲ. ಸಾಮಾನ್ಯವಾಗಿ ಮೊದಲು ಪ್ರೋಗ್ರಾಂ ಇರುವ ಫೋಲ್ಡರ್, ನಂತರ ವಿಂಡೋಸ್‌ನ ಸಿಸ್ಟಂ ಫೋಲ್ಡರ್‌ಗಳು, ಕೊನೆಯಲ್ಲಿ ‘ಪಾತ್’ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ನೋಡುತ್ತದೆ. ಫೈಲ್ ಬೇರೆ ಕಡೆ ಇದ್ದರೆ, ಕಣ್ಣೆದುರೇ ಇದ್ದರೂ ‘ಇಲ್ಲ’ ಎನ್ನುತ್ತದೆ. 2019ರಲ್ಲಿ ಬಂದ ಪೈಥಾನ್ 3.8ರಿಂದ ಇನ್ನೊಂದು ಬದಲಾವಣೆ ಆಗಿದೆ. ವಿಂಡೋಸ್‌ನಲ್ಲಿ ಪೈಥಾನ್ ಮಾಡ್ಯೂಲ್‌ಗಳು ಅವಲಂಬಿಸುವ ಡಿಎಲ್‌ಎಲ್‌ಗಳಿಗಾಗಿ ‘ಪಾತ್’ ಪಟ್ಟಿಯನ್ನು ನೋಡುವುದಿಲ್ಲ. ಫೋಲ್ಡರ್ ಯಾವುದು ಎಂದು ಪ್ರೋಗ್ರಾಂನಲ್ಲೇ ತಿಳಿಸಬೇಕು. ಹಳೆಯ ಪೈಥಾನ್‌ನಲ್ಲಿ ಓಡುತ್ತಿದ್ದ ಪ್ರಾಜೆಕ್ಟ್ ಹೊಸದರಲ್ಲಿ ನಿಂತುಹೋಗಲು ಇದೂ ಕಾರಣವಾಗಬಹುದು.

2. ಅಳತೆ ಬೇರೆ. ಪ್ರೋಗ್ರಾಂಗಳಲ್ಲಿ 32 ಬಿಟ್ ಮತ್ತು 64 ಬಿಟ್ ಎಂದು ಎರಡು ಬಗೆ. 32 ಬಿಟ್ ಪ್ರೋಗ್ರಾಂ 64 ಬಿಟ್ ಡಿಎಲ್‌ಎಲ್ ಅನ್ನು ಒಳಗೆ ಕರೆದುಕೊಳ್ಳಲಾರದು. 64 ಬಿಟ್ ಪ್ರೋಗ್ರಾಂಗೂ 32 ಬಿಟ್ ಡಿಎಲ್‌ಎಲ್ ಆಗದು. ಗಂಡು ಬೋಲ್ಟಿಗೆ ಬೇರೆ ಅಳತೆಯ ನಟ್ಟು ತಂದ ಹಾಗೆ. ಹೆಸರು ಒಂದೇ, ಕೂರುವುದಿಲ್ಲ.

3. ದುಭಾಷಿಯ ಸಹಾಯಕ ಇಲ್ಲ. ಲಿಬ್‌ಮೈಎಸ್‌ಕ್ಯೂಎಲ್ ಇದೆ, ಆದರೆ ಅದು ಕೆಲಸ ಮಾಡಲು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರನ್‌ಟೈಮ್ ಬೇಕು. ಅದಿಲ್ಲದಿದ್ದರೂ ಪ್ರೋಗ್ರಾಂ ಹಲವು ಸಲ ದೂರುವುದು ಲಿಬ್‌ಮೈಎಸ್‌ಕ್ಯೂಎಲ್ ಹೆಸರನ್ನೇ! ವಿಂಡೋಸ್‌ನ 126ನೇ ಸಂಖ್ಯೆಯ ದೋಷ ಹೀಗೆಯೇ ಜನರನ್ನು ದಾರಿ ತಪ್ಪಿಸುತ್ತದೆ. ಹೆಸರಿಸಿದ ಫೈಲನ್ನು ಹತ್ತು ಸಲ ಡೌನ್‌ಲೋಡ್ ಮಾಡಿದರೂ ಪ್ರಯೋಜನವಿಲ್ಲ.

4. ದುಭಾಷಿ ಹಳಬ. ಫೈಲ್ ಇದೆ, ಅಳತೆಯೂ ಸರಿ, ಆದರೆ ಆವೃತ್ತಿ ಹಳೆಯದು. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಪಾಸ್‌ವರ್ಡ್ ಪರಿಶೀಲಿಸುವ ಮೂಲ ವಿಧಾನವನ್ನೇ ಬದಲಾಯಿಸಿತು. ಹಳೆಯ ಲೈಬ್ರರಿಗಳಿಗೆ ಆ ಹೊಸ ವಿಧಾನ ಗೊತ್ತಿರಲಿಲ್ಲ. ‘ಅಥೆಂಟಿಕೇಷನ್ ಪ್ಲಗಿನ್ ಲೋಡ್ ಆಗುತ್ತಿಲ್ಲ’ ಎಂಬ ದೋಷ ಬಂತು. ಸರ್ವರ್ ಅನ್ನು ಹಳೆಯ ವಿಧಾನಕ್ಕೆ ಇಳಿಸಿ ಎಂಬ ಸಲಹೆ ಆಗ ಎಲ್ಲೆಡೆ ಹರಡಿತು. 2024ರ ಮೈಎಸ್‌ಕ್ಯೂಎಲ್ 9.0ರಲ್ಲಿ ಆ ಹಳೆಯ ವಿಧಾನವನ್ನೇ ತೆಗೆದುಹಾಕಲಾಗಿದೆ. ಲೈಬ್ರರಿ ಹೊಸದಾಗಿಸುವುದೇ ಉಳಿಯುವ ಪರಿಹಾರ.

ಸಿಸ್ಟಂ32 ಎಂಬ ಹೆಸರಿನ ಗೊಂದಲ

64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಂ32 ಫೋಲ್ಡರ್‌ನಲ್ಲಿ ಇರುವುದು 64 ಬಿಟ್ ಫೈಲ್‌ಗಳು! 32 ಬಿಟ್ ಫೈಲ್‌ಗಳು ಇರುವುದು ಸಿಸ್‌ವಾವ್64 ಎಂಬ ಫೋಲ್ಡರ್‌ನಲ್ಲಿ. ಹಳೆಯ ಪ್ರೋಗ್ರಾಂಗಳು ನಿಂತುಹೋಗಬಾರದೆಂದು ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದರಿಂದ ಹೀಗೆ ತಲೆಕೆಳಗಾಗಿ ಕಾಣುತ್ತದೆ. 32 ಬಿಟ್ ಪ್ರೋಗ್ರಾಂ ಸಿಸ್ಟಂ32ರಲ್ಲಿ ಹುಡುಕಲು ಹೋದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64ಗೆ ಕಳಿಸುತ್ತದೆ. ಹೆಸರು ನೋಡಿ 32 ಬಿಟ್ ಫೈಲನ್ನು ಸಿಸ್ಟಂ32ಗೆ ಹಾಕಿದರೆ, ಅದು ಬೇಕಾದ ಪ್ರೋಗ್ರಾಂಗೆ ಕಾಣುವುದೇ ಇಲ್ಲ.

ಪರಿಕರ ಬದಲಾದಾಗಲೂ ಇದೇ ತೊಂದರೆ. ವಿಷುಯಲ್ ಸ್ಟುಡಿಯೋ 2019ರವರೆಗೆ 32 ಬಿಟ್ ಪ್ರೋಗ್ರಾಂ ಆಗಿತ್ತು. 2021ರ ನವೆಂಬರ್‌ನಲ್ಲಿ ಬಂದ ವಿಷುಯಲ್ ಸ್ಟುಡಿಯೋ 2022 ಮೊದಲ 64 ಬಿಟ್ ಆವೃತ್ತಿ. ಹಳೆಯದರಲ್ಲಿ ಡೇಟಾಬೇಸ್ ತೋರಿಸುತ್ತಿದ್ದ 32 ಬಿಟ್ ಡ್ರೈವರ್ ಹೊಸದರಲ್ಲಿ ಕಾಣದಿರಲು ಕಾರಣ ಇದು. ಕಂಪ್ಯೂಟರ್ ಕೆಟ್ಟಿಲ್ಲ, ಫೈಲ್ ಅಳಿಸಿಹೋಗಿಲ್ಲ. ಮನೆ ಬದಲಾಗಿದೆ ಅಷ್ಟೇ.

ಅಪಾಯ ಎಲ್ಲಿದೆ?

ಡಿಎಲ್‌ಎಲ್ ಫೋಟೋ ಅಥವಾ ಪಿಡಿಎಫ್ ತರಹದ ಫೈಲ್ ಅಲ್ಲ. ಅದು ಓಡುವ ಕೋಡ್. ಪ್ರೋಗ್ರಾಂ ಅದನ್ನು ಒಳಗೆ ಕರೆದುಕೊಂಡ ಕ್ಷಣದಿಂದ, ಪ್ರೋಗ್ರಾಂಗೆ ಇರುವ ಎಲ್ಲ ಅಧಿಕಾರ ಅದಕ್ಕೂ ಇರುತ್ತದೆ. ಡೇಟಾಬೇಸ್ ಲೈಬ್ರರಿಯ ವಿಷಯದಲ್ಲಂತೂ ಪಾಸ್‌ವರ್ಡ್ ಹೋಗುವುದು ಅದರ ಕೈಯಿಂದಲೇ, ಮಾಹಿತಿ ಬರುವುದೂ ಅದರ ಕೈಯಿಂದಲೇ. ಗುರುತಿಲ್ಲದವನನ್ನು ದುಭಾಷಿಯಾಗಿ ಕೂರಿಸಿಕೊಂಡು ಮನೆಯ ಲೆಕ್ಕಪತ್ರ ಮಾತಾಡಿದಂತೆ.

ಔಷಧ ಅಂಗಡಿಯ ಬಿಲ್ಲಿಂಗ್ ಡೇಟಾಬೇಸ್‌ನಲ್ಲಿ ಇರುವುದು ಅಂಗಡಿಯವರ ಗುಟ್ಟು ಮಾತ್ರವಲ್ಲ. ಯಾರು ಯಾವ ಮಾತ್ರೆ ಕೊಂಡರು, ಅವರ ಫೋನ್ ನಂಬರ್ ಏನು, ಎಷ್ಟು ಬಾಕಿ ಇದೆ ಎಲ್ಲವೂ ಇರಬಹುದು. ಆ ಊರಿನ ಜನ ಈ ಫಾರ್ವರ್ಡ್ ಅನ್ನು ನೋಡಿಯೇ ಇರುವುದಿಲ್ಲ. ಆದರೂ ನಷ್ಟ ಅವರದ್ದು. ಅದಕ್ಕೇ ಇದು ಕಂಪ್ಯೂಟರ್ ಓದಿದವರ ತಲೆನೋವು ಮಾತ್ರ ಎಂದು ಬಿಡುವಂತಿಲ್ಲ.

ಹಾಗಾದರೆ ಸರಿಪಡಿಸುವುದು ಹೇಗೆ?

ಮೊದಲು, ದೋಷದ ಸಂದೇಶವನ್ನು ಪೂರ್ತಿ ಓದಿ ಬರೆದಿಟ್ಟುಕೊಳ್ಳಿ. ಸಂಖ್ಯೆಯಲ್ಲೇ ಸುಳಿವಿರುತ್ತದೆ. 126 ಎಂದರೆ ಫೈಲ್ ಅಥವಾ ಅದರ ಸಹಾಯಕ ಫೈಲ್ ಸಿಗುತ್ತಿಲ್ಲ. 193 ಅಥವಾ 0ಎಕ್ಸ್‌ಸಿ000007ಬಿ ಬಂದರೆ ಮೊದಲ ಅನುಮಾನ 32–64 ಬಿಟ್ ಗೊಂದಲದ ಮೇಲಿರಲಿ. ಒಡಿಬಿಸಿಯಲ್ಲಿ ‘ಆರ್ಕಿಟೆಕ್ಚರ್ ಮಿಸ್‌ಮ್ಯಾಚ್’ ಎಂದರೂ ಇದೇ ಅರ್ಥ.

ಎರಡನೆಯದು, ಪ್ರೋಗ್ರಾಂ ಎಷ್ಟು ಬಿಟ್ ಎಂದು ನೋಡಿ. ಟಾಸ್ಕ್ ಮ್ಯಾನೇಜರ್‌ನ ವಿವರಗಳ ಪುಟದಲ್ಲಿ ‘ಪ್ಲಾಟ್‌ಫಾರ್ಮ್’ ಎಂಬ ಕಾಲಂ ಸೇರಿಸಿಕೊಂಡರೆ ತಿಳಿಯುತ್ತದೆ. ಇಲ್ಲಿ ಮುಖ್ಯವಾದದ್ದು ವಿಂಡೋಸ್‌ನ ಬಿಟ್ ಅಲ್ಲ, ಸರ್ವರ್‌ನ ಬಿಟ್ ಕೂಡ ಅಲ್ಲ. ಲೈಬ್ರರಿಯನ್ನು ಕರೆಯುವ ಪ್ರೋಗ್ರಾಂನ ಬಿಟ್.

ಮೂರನೆಯದು, ಅದೇ ಅಳತೆಯ ಲೈಬ್ರರಿಯನ್ನು ತಯಾರಕರಿಂದ ಪಡೆಯಿರಿ. ಮೈಎಸ್‌ಕ್ಯೂಎಲ್‌ಗೆ ಅದರ ಅಧಿಕೃತ ಕನೆಕ್ಟರ್, ಒರಾಕಲ್‌ಗೆ ಉಚಿತವಾಗಿ ಸಿಗುವ ಇನ್‌ಸ್ಟಂಟ್ ಕ್ಲೈಂಟ್, ಆಕ್ಸೆಸ್ ಫೈಲ್‌ಗಳಿಗೆ ಮೈಕ್ರೋಸಾಫ್ಟ್‌ನ ಆಕ್ಸೆಸ್ ಡೇಟಾಬೇಸ್ ಎಂಜಿನ್. ಬಿಡಿ ಡಿಎಲ್‌ಎಲ್ ಬೇಡ, ಪೂರ್ತಿ ಪ್ಯಾಕೇಜ್ ಹಾಕಿ. ಸಹಾಯಕ ಫೈಲ್‌ಗಳೂ ಅದರಲ್ಲೇ ಬರಬಹುದು.

ನಾಲ್ಕನೆಯದು, ವಿಷುಯಲ್ ಸಿ++ ರನ್‌ಟೈಮ್ ಪರೀಕ್ಷಿಸಿ. ಹೆಸರಿನಲ್ಲಿ 140 ಇದ್ದರೆ 2015 ಮತ್ತು ನಂತರದ ಆವೃತ್ತಿಗಳ ಪ್ಯಾಕೇಜ್ ಬೇಕು, 120 ಇದ್ದರೆ 2013ರದ್ದು, 100 ಇದ್ದರೆ 2010ರದ್ದು. ಎಲ್ಲವೂ ಮೈಕ್ರೋಸಾಫ್ಟ್ ತಾಣದಲ್ಲೇ ಉಚಿತ. ಇಲ್ಲಿಯೂ ಪ್ರೋಗ್ರಾಂನ ಬಿಟ್‌ಗೆ ಹೊಂದುವುದನ್ನೇ ಹಾಕಬೇಕು.

ಐದನೆಯದು, ಲೈಬ್ರರಿಯನ್ನು ಪ್ರೋಗ್ರಾಂ ಫೋಲ್ಡರ್‌ನಲ್ಲಿಡಿ, ಅಥವಾ ಅದರ ಫೋಲ್ಡರನ್ನು ‘ಪಾತ್’ ಪಟ್ಟಿಗೆ ಸೇರಿಸಿ. ‘ಪಾತ್’ ಬದಲಿಸಿದ ಮೇಲೆ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಬೇಕು. ಇದನ್ನು ಮರೆತು ‘ಪರಿಹಾರ ಕೆಲಸ ಮಾಡಲಿಲ್ಲ’ ಎನ್ನುವವರು ಬಹಳ.

ಇನ್ನೊಂದು ಸುಲಭ ದಾರಿಯೂ ಇದೆ. ದುಭಾಷಿಯೇ ಬೇಡದ ಡ್ರೈವರ್ ಆರಿಸಿಕೊಳ್ಳುವುದು. ಪೈಥಾನ್‌ನಲ್ಲಿ ಪೈಮೈಎಸ್‌ಕ್ಯೂಎಲ್ ಪೂರ್ತಿ ಪೈಥಾನ್‌ನಲ್ಲೇ ಬರೆದಿದ್ದು, ಮೈಎಸ್‌ಕ್ಯೂಎಲ್ ಕ್ಲೈಂಟ್ ಲೈಬ್ರರಿ ಕೇಳುವುದಿಲ್ಲ. ಒರಾಕಲ್ 2022ರಲ್ಲಿ ತಂದ ಪೈಥಾನ್ ಡ್ರೈವರ್‌ನ ‘ಥಿನ್’ ವಿಧಾನಕ್ಕೂ ಇನ್‌ಸ್ಟಂಟ್ ಕ್ಲೈಂಟ್ ಬೇಕಿಲ್ಲ. ಹೊಸದಾಗಿ ಪ್ರಾಜೆಕ್ಟ್ ಶುರು ಮಾಡುವ ವಿದ್ಯಾರ್ಥಿಗಳಿಗೆ ಇವು ಅನುಕೂಲ.

ಲಿನಕ್ಸ್‌ನಲ್ಲಿ?

ತತ್ವ ಅದೇ. ‘ಎಲ್‌ಡಿಡಿ’ ಎಂಬ ಆದೇಶ ಯಾವ ಸಹಾಯಕ ಫೈಲ್ ಸಿಗುತ್ತಿಲ್ಲ ಎಂದು ಪಟ್ಟಿ ಮಾಡಿಯೇ ತೋರಿಸುತ್ತದೆ. ಆದರೆ ನಂಬಿಕೆಯಿಲ್ಲದ ಫೈಲ್‌ಗಳ ಮೇಲೆ ಅದನ್ನು ಓಡಿಸಬಾರದು. ಬೇಕಾದದ್ದನ್ನು ಆಯಾ ಲಿನಕ್ಸ್‌ನ ಪ್ಯಾಕೇಜ್ ವ್ಯವಸ್ಥೆಯಿಂದಲೇ ಹಾಕಿ. ಕೆಲವೊಮ್ಮೆ ಹೆಸರು ಬದಲಾಗಿರುತ್ತದೆ. ಒರಾಕಲ್ ಕ್ಲೈಂಟ್ ಕೇಳುವ ಲಿಬ್‌ಎಐಒ ಪ್ಯಾಕೇಜ್‌ನ ಹೆಸರಿಗೆ ಉಬುಂಟು 24.04ರಲ್ಲಿ ‘ಟಿ64’ ಎಂಬ ಬಾಲ ಸೇರಿತು, ಒಳಗಿನ ಫೈಲ್ ಹೆಸರೂ ಬದಲಾಯಿತು. ಲೈಬ್ರರಿ ಕಂಪ್ಯೂಟರ್‌ನಲ್ಲಿದ್ದರೂ ಹಳೆಯ ಹೆಸರಿನಲ್ಲಿ ಹುಡುಕುವ ಪ್ರೋಗ್ರಾಂಗೆ ‘ಸಿಗುತ್ತಿಲ್ಲ’.

ಹಿಂದೆಯೂ ಹೀಗಾಗಿತ್ತು

ಸಿಸ್ಟಂ ಫೈಲ್‌ಗಳ ಬಗ್ಗೆ ಫಾರ್ವರ್ಡ್‌ಗಳು ಹೊಸದಲ್ಲ. ವಾಟ್ಸ್‌ಆಪ್ ಹುಟ್ಟುವ ಮೊದಲೇ, 2001ರಲ್ಲಿ, ಎಸ್‌ಯುಎಲ್‌ಎಫ್‌ಎನ್‌ಬಿಕೆ ಎಂಬ ಫೈಲ್ ವೈರಸ್, ಕೂಡಲೇ ಅಳಿಸಿ ಎಂಬ ಇಮೇಲ್ ಜಗತ್ತಿನಾದ್ಯಂತ ಹರಡಿತು. 2002ರಲ್ಲಿ ಜೆಡಿಬಿಜಿಎಂಜಿಆರ್ ಎಂಬ ಫೈಲ್ ಬಗ್ಗೆ ಇದೇ ಕತೆ. ಅದರ ಚಿಹ್ನೆ ಒಂದು ಪುಟ್ಟ ಕರಡಿ. ಹುಡುಕಿದವರಿಗೆ ಕರಡಿ ಸಿಕ್ಕಿತು, ಹೆದರಿ ಅಳಿಸಿದರು, ಗೆಳೆಯರಿಗೂ ಕಳಿಸಿದರು. ನಿಜದಲ್ಲಿ ಎರಡೂ ವಿಂಡೋಸ್ ಜೊತೆ ಬಂದ ಫೈಲ್‌ಗಳು. ಎರಡನೆಯದು ಜಾವಾ ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಪರಿಕರ. ಕಳಿಸಿದವರಲ್ಲಿ ಬಹುತೇಕರು ಸ್ನೇಹಿತರಿಗೆ ಒಳ್ಳೆಯದಾಗಲಿ ಎಂದೇ ಕಳಿಸಿದ್ದರು. ಅಂದು ‘ಅಳಿಸಿ’ ಎಂದಿದ್ದದ್ದು ಇಂದು ‘ಹಾಕಿ’ ಎಂದಾಗಿದೆ. ಸಂದೇಶ ನಂಬುವ ಮುನ್ನ ಫೈಲ್ ಯಾರದ್ದು ಎಂದು ಕೇಳದಿರುವುದು ಎರಡರಲ್ಲೂ ಒಂದೇ.

ಈಗಾಗಲೇ ಹಾಕಿಬಿಟ್ಟಿದ್ದರೆ?

ಗಾಬರಿ ಬೇಡ. ನೀವು ಸೇರಿಸಿದ ಫೈಲನ್ನು ಮಾತ್ರ ತೆಗೆಯಿರಿ. ಆ್ಯಂಟಿವೈರಸ್ ಆಫ್ ಮಾಡಿದ್ದರೆ ಆನ್ ಮಾಡಿ ಪೂರ್ಣ ಸ್ಕ್ಯಾನ್ ಓಡಿಸಿ. ವಿಂಡೋಸ್‌ನದೇ ಫೈಲ್ ಮೇಲೆ ಹಾಕಿದ್ದರೆ ಸಿಸ್ಟಂ ಫೈಲ್ ಚೆಕರ್ ಅದನ್ನು ಮರಳಿಸಬಲ್ಲದು. ಆದರೆ ಅದು ಮೈಎಸ್‌ಕ್ಯೂಎಲ್ ಅಥವಾ ಒರಾಕಲ್‌ನ ಫೈಲ್‌ಗಳನ್ನು ತಂದುಕೊಡುವುದಿಲ್ಲ. ನಂತರ, ಬೇರೆ ಸುರಕ್ಷಿತ ಕಂಪ್ಯೂಟರ್‌ನಿಂದ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ. ಅಂಗಡಿ ಅಥವಾ ಕಚೇರಿಯ ಕಂಪ್ಯೂಟರ್ ಆಗಿದ್ದರೆ ಸಾಫ್ಟ್‌ವೇರ್ ಕೊಟ್ಟವರಿಗೆ ತಿಳಿಸುವುದನ್ನು ಮುಂದೂಡಬೇಡಿ.

ತೀರ್ಮಾನ

‘ಸಿಗುತ್ತಿಲ್ಲ’ ಎಂಬ ದೋಷಕ್ಕೆ ಪರಿಹಾರ ಫೈಲ್‌ನ ಹೆಸರಿನಲ್ಲಿ ಮಾತ್ರ ಇಲ್ಲ. ಅಳತೆ, ಜಾಗ, ಆವೃತ್ತಿ ಮತ್ತು ಸಹಾಯಕ ಫೈಲ್ ಈ ನಾಲ್ಕನ್ನೂ ನೋಡಬೇಕು. ಗುಂಪಿನಲ್ಲಿ ಯಾರಾದರೂ ಈ ದೋಷದ ಫೋಟೋ ಹಾಕಿದರೆ ಡಿಎಲ್‌ಎಲ್ ಲಿಂಕ್ ಬದಲು ಇಷ್ಟು ಕಳಿಸಿ: ‘ಪ್ರೋಗ್ರಾಂ 32 ಬಿಟ್ಟೋ 64 ಬಿಟ್ಟೋ ನೋಡಿ. ಅದಕ್ಕೆ ಹೊಂದುವ ಕ್ಲೈಂಟ್ ಮತ್ತು ವಿಷುಯಲ್ ಸಿ++ ರನ್‌ಟೈಮ್ ಅನ್ನು ತಯಾರಕರ ತಾಣದಿಂದ ಹಾಕಿ. ಆ್ಯಂಟಿವೈರಸ್ ಆಫ್ ಮಾಡಬೇಡಿ.’